ಮೀನುಕಣ್ಣು ಬಿದ್ದ ಬಣ್ಣ

ಸುಆಮೆ ಮ್ಯಾಗಜೀನ್, ಕುಮಾಸಿ
9 ಆಗಸ್ಟ್ 1998

ಎಬೊ ಎಶುನ್‌ಗೆ,

ಈ ಕಾಗದ ನೋಡಿ ನಾನು ಸೋತೆ ಎಂದು ತಿಳಿಯಬೇಡ. ಕೇಳುವುದು ಒಂದೇ ಮಾತು, ಕೇಳಿ ಮುಗಿಸುತ್ತೇನೆ.

ಮಾರ್ಚ್ ತಿಂಗಳಲ್ಲಿ ನೀನು ನಿನ್ನ ಪಾಲಿಶ್ ಡಬ್ಬಿಗಳ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಸೆಕೊಂಡಿಯ ಬಸ್ಸು ಹತ್ತಿದೆ. ಅದಕ್ಕೆ ಮುಂಚೆ ಹಿರಿಯರ ಸಭೆಯಲ್ಲಿ ನೀನೇ ಬಾಯಿಬಿಟ್ಟು ಒಪ್ಪಿಕೊಂಡಿದ್ದೆ: "ಹೌದು, ನನ್ನ ಪಾಲಿಶ್‌ನಿಂದ್ಲೇ ಇವನ ಬಣ್ಣ ಕೆಡ್ತಿರೋದು. ನಾನು ಹೋಗ್ತೀನಿ ಬಿಡಿ." ಕಾರಿನ ಡ್ಯಾಶ್‌ಬೋರ್ಡ್ ಹೊಳೆಯಿಸುವ ಆ ಪಾಲಿಶ್‌ನಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ, ಅದು ಸೋಕಿದ ಕಡೆ ಬಣ್ಣ ನಿಲ್ಲುವುದಿಲ್ಲ ಎಂಬುದು ಈ ಮ್ಯಾಗಜೀನಿನ ಗ್ಯಾರೇಜು ಓಣಿಗಳ ಪ್ರತಿ ಪೇಂಟರಿಗೂ ಗೊತ್ತು. ಇಪ್ಪತ್ತು ವರ್ಷ ಒಂದೇ ಶೆಡ್ಡಿನಲ್ಲಿ ನಾನು ಗಾಡಿಗಳಿಗೆ ಬಣ್ಣ ಹೊಡೆದೆ, ನೀನು ಅದರ ಮೇಲೆ ಅಕ್ಷರ ಬರೆದೆ. ನಾಲ್ಕು ಕಾಸಿನ ಆಸೆಗೆ, ಮಾರಲೆಂದು ಆ ಪೆಟ್ಟಿಗೆಯನ್ನು ತಂದು ನನ್ನ ಕಂಪ್ರೆಸರಿನ ಪಕ್ಕದಲ್ಲೇ ಇಟ್ಟವನೂ ನೀನೇ.

ನೀನು ಹೋದರೆ ಮೀನುಕಣ್ಣೂ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಮೊನ್ನೆ ಒಂದು ಟ್ಯಾಕ್ಸಿಯ ಬಾನೆಟ್ಟಿಗೆ ಹಳದಿ ಹೊಡೆದೆ. ಹೊಡೆದ ಗಳಿಗೆಯಲ್ಲಿ ತಿಳಿನೀರಿನ ಹಾಗಿತ್ತು. ಗನ್ ಕೆಳಗಿಟ್ಟು ತಿರುಗಿ ನೋಡುವಷ್ಟರಲ್ಲಿ ಬಣ್ಣ ಅಲ್ಲಲ್ಲಿ ಹಿಂದೆ ಸರಿದು, ಬೇಳೆಕಾಳಿನಷ್ಟು ದುಂಡಗಿನ ಗುಳಿಗಳು, ಅದೇ ಮೀನುಕಣ್ಣುಗಳು, ಎದ್ದವು. ಪ್ರತಿ ಗುಳಿಯ ತಳದಲ್ಲೂ ಹಳೆಯ ಬಣ್ಣ ನೆಟ್ಟಗೆ ನನ್ನನ್ನೇ ನೋಡುತ್ತಿತ್ತು. ಟ್ಯಾಕ್ಸಿಯವನು ಗಾಡಿಯನ್ನು ಪಕ್ಕದ ಶೆಡ್ಡಿಗೆ ತಳ್ಳಿಸಿಕೊಂಡು ಹೋದ.

ಆದ್ದರಿಂದ ಕೇಳುತ್ತಿದ್ದೇನೆ. ಹೋಗುವ ಮುಂಚೆ ಅದನ್ನು ಎಲ್ಲೆಲ್ಲಿ ಸುರಿದೆ? ನೆಲಕ್ಕೋ, ಗೋಡೆಗೋ, ಗಾಳಿಯ ಪೈಪಿನೊಳಕ್ಕೋ? ಕ್ರಿಸ್‌ಮಸ್‌ವರೆಗೆ ಒಂದಾದರೂ ನೆಟ್ಟಗಿನ ಗಾಡಿ ಇಲ್ಲಿಂದ ಹೊರಡದಿದ್ದರೆ ಶೆಡ್ಡನ್ನು ವೆಲ್ಡಿಂಗ್‌ನವನಿಗೆ ಕೊಡುತ್ತೇನೆ ಎಂದು ಸಂಘದ ಹಿರಿಯ ನಾನಾ ಆಫ್ರಿಯೆ ಹೇಳಿಯಾಗಿದೆ. ಈ ವಯಸ್ಸಿನಲ್ಲಿ ಇನ್ನೊಬ್ಬರ ಕೈಕೆಳಗೆ ಗಾಡಿ ಉಜ್ಜಿಕೊಂಡು ಬದುಕುವುದು ನನ್ನಿಂದಾಗದು.

ಎಲ್ಲಿ ಸುರಿದೆ ಎಂದು ತಿಳಿಸು. ಬೇರೆ ಏನೂ ಬರೆಯಬೇಕಾಗಿಲ್ಲ.

ಕ್ವಾಕು ನ್ಯಾಂತಾಚಿ
ಸ್ಪ್ರೇ ಪೇಂಟರ್


ಸೆಕೊಂಡಿ
23 ಆಗಸ್ಟ್ 1998

ಸ್ಪ್ರೇ ಪೇಂಟರ್ ಕ್ವಾಕು ನ್ಯಾಂತಾಚಿ ಅವರಿಗೆ,

ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ: ನಾನು ಚೆನ್ನಾಗಿದ್ದೇನೆ. ನಿನ್ನ ರುಜುವಿನ ಕೆಳಗೆ ಕಸುಬು ಬೇರೆ ಬರೆದಿದ್ದೀಯ. ಸದ್ಯ, ಇಲ್ಲದಿದ್ದರೆ ಯಾವ ಕ್ವಾಕು ಎಂದು ಊರೆಲ್ಲ ವಿಚಾರಿಸಬೇಕಾಗಿತ್ತು.

ನಾನು ಎಲ್ಲಿಯೂ ಏನನ್ನೂ ಸುರಿದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಒಂದು ಡಬ್ಬಿಯ ಮುಚ್ಚಳವೂ ತೆರೆದಿರಲಿಲ್ಲ. ನಂಬುವುದೂ ಬಿಡುವುದೂ ನಿನಗೆ ಸೇರಿದ್ದು.

ಆದರೆ ಇನ್ನೂ ಮೀನುಕಣ್ಣು ಬೀಳುತ್ತಿದೆ ಎಂಬ ಮಾತು ಓದಿ ಊಟ ಸೇರಲಿಲ್ಲ. ಇಷ್ಟು ಹೊತ್ತಿಗೆ ನಿಂತಿರಬೇಕು ಎಂದುಕೊಂಡಿದ್ದೆ. ಕಂಪ್ರೆಸರಿನ ತೊಟ್ಟಿಯ ನೀರು ಹೊರಬಿಟ್ಟೆಯಾ? ಬೆಲ್ಟಿಗೆ ಯಾರಾದರೂ ಏನಾದರೂ ಹಚ್ಚಿದರೇ? ಪಕ್ಕದ ಟೈರಿನವರು ಹೊಳಪಿನ ಸ್ಪ್ರೇ ಹೊಡೆಯುತ್ತಾರೆಯೇ? ಗಾಳಿ ಅತ್ತ ಕಡೆಯಿಂದ ಬೀಸಿದರೆ ಒಂದು ಹನಿ ಸಾಕು. ಗಾಡಿ ಒರೆಸುವ ಬಟ್ಟೆ ಎಲ್ಲಿಂದ ತರುತ್ತೀಯ? ಒಂದೊಂದಾಗಿ ನೋಡಿ ಬರೆ.

ಇಲ್ಲಿ ನಾನು ಮೀನುದೋಣಿಗಳಿಗೆ ಅಕ್ಷರ ಬರೆಯುತ್ತೇನೆ. ಮರ ಬಣ್ಣ ಕುಡಿಯುತ್ತದೆ, ಕುಂಚವನ್ನು ಹತ್ತು ಸಲ ಅದ್ದಬೇಕು. ನಿನ್ನ ಸ್ಪ್ರೇ ಬಣ್ಣದ ಮೇಲೆ ಬೆಣ್ಣೆಯ ಮೇಲೆ ಬರೆದ ಹಾಗೆ ಬರೆದ ಕೈ ಇದು, ಈಗ ನೋಯುತ್ತದೆ. ನನ್ನ ತಾಯಿಯ ಮನೆಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ದೋಣಿಯವರಿಗೆ ನನ್ನ ಮಾತು ಕೇಳಿ ನಗು. ಮೊನ್ನೆ ಒಬ್ಬ, "ಅಣ್ಣಾ, ನೀವು ನಮ್ಮ ಭಾಷೆ ಚೆನ್ನಾಗೇ ಕಲ್ತಿದೀರ, ಯಾವೂರು ನಿಮ್ದು?" ಎಂದು ಕೇಳಿದ. "ಇದೇ ಊರು ಕಣೋ, ನಿಮ್ಮಪ್ಪ ನಾನು ಒಟ್ಟಿಗೆ ಈಜು ಕಲ್ತಿದ್ದು" ಎಂದೆ. ಅವನು ನಂಬಲಿಲ್ಲ. ಕುಮಾಸಿಯಲ್ಲಿ ಇಪ್ಪತ್ತು ವರ್ಷ ಕಡಲ ಕಡೆಯ ಫಾಂಟೆಯವನು ಎನ್ನಿಸಿಕೊಂಡೆ, ಇಲ್ಲಿ ಒಳನಾಡಿನ ಅಸಾಂಟೆಯವನು ಎನ್ನಿಸಿಕೊಳ್ಳುತ್ತಿದ್ದೇನೆ. ಸಂಜೆ ಕಡಲ ದಂಡೆಯಲ್ಲಿ ಕೂತರೆ ಮಾತಾಡಿಸುವವರಿಲ್ಲ.

ಊಟ ಮಾಡುತ್ತಿದ್ದೀಯಾ?

ಎಬೊ


ಕುಮಾಸಿ
13 ಸೆಪ್ಟೆಂಬರ್ 1998

ಎಬೊಗೆ,

ನೀನು ಹೇಳಿದ್ದನ್ನೆಲ್ಲ ಮಾಡಿದೆ. ತೊಟ್ಟಿ ಬರಿದು ಮಾಡಿದೆ. ಪೈಪು ಹೊಸದು ತಂದೆ. ಒರೆಸುವ ಬಟ್ಟೆಗಳನ್ನು ಸುಟ್ಟು, ಗೋಡೆಯ ತಗಡುಗಳನ್ನು ಸೋಪು ಹಾಕಿ ತೊಳೆದೆ. ನಿನ್ನ ಪೆಟ್ಟಿಗೆ ಇದ್ದ ಜಾಗದ ಮಣ್ಣನ್ನು ಮೊಳದಾಳ ಅಗೆದು ಹೊರಗೆ ಹಾಕಿದೆ. ಟೈರಿನವರು ಜೂನ್ ತಿಂಗಳಲ್ಲೇ ಜಾಗ ಬಿಟ್ಟು ಹೋಗಿದ್ದಾರೆ. ಇಷ್ಟಾದ ಮೇಲೆ ಹಳೆಯ ಟ್ರೋಟ್ರೋ ವ್ಯಾನ್ ಒಂದರ ಬಾಗಿಲು ಕಳಚಿ ತಂದು ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಕೊನೆಗೆ ಯಾವತ್ತಿನಂತೆ ಅಂಗೈಯಿಂದ ಸವರಿ ಧೂಳಿಲ್ಲ ಎಂದು ನೋಡಿಕೊಂಡು ನೀಲಿ ಹೊಡೆದೆ. ಮೀನುಕಣ್ಣು. ಮೊದಲಿಗಿಂತ ಹೆಚ್ಚು.

ಹಾಗಾದರೆ ನಿನ್ನ ಪಾಲಿಶ್ ಅಲ್ಲ. ಇದನ್ನು ಬರೆಯಲು ನನಗೆ ಎರಡು ಭಾನುವಾರ ಹಿಡಿಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ. ಆದರೆ ಒಂದು ನನಗೆ ಅರ್ಥವಾಗುವುದಿಲ್ಲ. ಮಾಡದ ತಪ್ಪನ್ನು ಸಭೆಯಲ್ಲಿ ಯಾಕೆ ಒಪ್ಪಿಕೊಂಡೆ?

ಇಲ್ಲಿನವರು ಅವರಿಗೆ ತೋಚಿದ್ದು ಆಡುತ್ತಾರೆ. ನಾನಾ ಆಫ್ರಿಯೆ ಬಂದು ಬಾಗಿಲ ಮುಂದೆ ನಿಂತರು. "ಆ ಫಾಂಟೆಯವನು ಸಮುದ್ರದ ಮಾಟ ಮಾಡ್ಸಿ ಹೋಗಿದಾನಂತೆ, ಹೌದೇನಯ್ಯಾ?" ಎಂದರು. "ಅವನಿಗೆ ಮಾಟ ಬಂದಿದ್ರೆ ಮೊದ್ಲು ತನ್ನ ಬೋಳುತಲೆಗೆ ಕೂದ್ಲು ಬರಿಸ್ಕೊಳ್ತಿದ್ದ ನಾನಾ" ಎಂದೆ. ಅವರು ನಕ್ಕರು, ಆದರೆ ಕ್ರಿಸ್‌ಮಸ್ಸಿನ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಊಟದ ಬಗ್ಗೆ ಕೇಳಿದ್ದೀಯ. ಬೆಂದ ಗೆಣಸನ್ನು ಫುಫು ಆಗುವ ಹಾಗೆ ಕುಟ್ಟುವುದಕ್ಕೆ ಇಬ್ಬರು ಬೇಕು. ಒಬ್ಬರು ಒನಕೆ ಎತ್ತಿದಾಗ ಇನ್ನೊಬ್ಬರು ಹಿಟ್ಟು ಮಗುಚಬೇಕು. ಒಂದು ದಿನ ಒಬ್ಬನೇ ಕುಟ್ಟಿ ನೋಡಿದೆ. ಎರಡು ಏಟು ಹಾಕುವುದು, ಒನಕೆ ಗೋಡೆಗೆ ಒರಗಿಸುವುದು, ಬಗ್ಗಿ ಮಗುಚುವುದು, ಮತ್ತೆ ಎತ್ತುವುದು. ಓಣಿಯ ಹೆಂಗಸರು ಆ ಸದ್ದು ಕೇಳಿ ಇಣುಕಿ ನೋಡಿ ಒಳಗೆ ಹೋದರು. ಅವತ್ತಿನಿಂದ ರಸ್ತೆಯಲ್ಲಿ ಕೊಂಡು ತಿನ್ನುತ್ತೇನೆ.

ಕ್ವಾಕು


ಸೆಕೊಂಡಿ
4 ಅಕ್ಟೋಬರ್ 1998

ಕ್ವಾಕು,

ನನ್ನ ಬೋಳುತಲೆಯನ್ನು ಹಿರಿಯರ ಮುಂದೆ ಎಳೆದು ತಂದಿದ್ದಕ್ಕೆ ನಿನಗೆ ಒಳ್ಳೆಯದಾಗಲಿ. ಹೇಗೂ ಅದನ್ನು ತಮಾಷೆ ಮಾಡುವವರು ಇಲ್ಲಿ ಯಾರೂ ಇಲ್ಲ.

ಬಂದರಿನ ಮೀನಿನ ಶೈತ್ಯಾಗಾರದ ಗೋಡೆಗೆ ಅಕ್ಷರ ಬರೆಯುವ ಕೆಲಸ ಸಿಕ್ಕಿತ್ತು. ಅಲ್ಲಿ ಮಿಂಟಾ ಎಂಬ ಎಲೆಕ್ಟ್ರಿಷಿಯನ್ ಇದ್ದಾನೆ, ಬಾಯಿ ಮುಚ್ಚಿದರೆ ಸತ್ತೇ ಹೋಗುವಂಥವನು. ಅವರ ಟ್ರಾನ್ಸ್‌ಫಾರ್ಮರಿನೊಳಗೆ ತುಂಬಿರುವುದೂ ಸಿಲಿಕೋನ್ ಎಣ್ಣೆಯೇ ಅಂತೆ. ಬೇರೆ ಎಣ್ಣೆಯಾದರೆ ಕಾದಾಗ ಭಗ್ಗೆಂದು ಹತ್ತಿಕೊಳ್ಳುತ್ತದೆ, ಇದು ಸುಲಭಕ್ಕೆ ಹತ್ತುವುದಿಲ್ಲ. ಒಂದು ಬಾಟಲಿಯಲ್ಲಿ ತಂದು ತೋರಿಸಿದ. ನೀರಿನ ಹಾಗಿದೆ, ಬಣ್ಣವಿಲ್ಲ, ವಾಸನೆಯೂ ಇಲ್ಲ. ಬೆರಳು ಅದ್ದಿದೆ. ರೇಷ್ಮೆ ಮುಟ್ಟಿದ ಹಾಗಾಯಿತು. ಆಮೇಲೆ ಆ ಬೆರಳನ್ನು ಮೂರು ಸಲ ಸೋಪಿನಲ್ಲಿ ತೊಳೆದರೂ ಅದು ಹೋಗಲಿಲ್ಲ.

"ಇದನ್ನ ಯಾವುದರಿಂದ ಮಾಡ್ತಾರೆ ಗೊತ್ತೇನಣ್ಣಾ? ಮರಳಿಂದ" ಎಂದ ಮಿಂಟಾ.

"ಹಾಗಾದ್ರೆ ನಮ್ಮೂರಲ್ಲಿ ಎಲ್ರೂ ಸಾಹುಕಾರ್ರಾಗ್ಬೇಕಿತ್ತಲ್ಲೋ" ಎಂದೆ.

ಮರಳಿನ ಸತ್ವ ತೆಗೆದು ಏನೇನೋ ಕೂಡಿಸಿ ಎಣ್ಣೆ ಮಾಡುತ್ತಾರಂತೆ. ತೆಳ್ಳಗೆ ಬೇಕೆಂದರೆ ನೀರಿನಷ್ಟು ತೆಳ್ಳಗೆ, ಮಂದ ಬೇಕೆಂದರೆ ಜೇನಿಗಿಂತ ಮಂದ. ಚಳಿಗೆ ಗಟ್ಟಿಯಾಗದು, ಬಿಸಿಲಿಗೆ ಒಣಗದು, ಹಳಸದು, ನೀರಿನಲ್ಲಿ ಕರಗದು. ಒಂದು ತೊಟ್ಟು ಬಿದ್ದರೆ ತಾನಾಗಿಯೇ ಹರಡುತ್ತಾ ಹೋಗುತ್ತದೆ, ಕಣ್ಣಿಗೆ ಕಾಣದಷ್ಟು ತೆಳ್ಳಗಾದರೂ ಇದ್ದೇ ಇರುತ್ತದೆ. ಅದರ ಮೇಲೆ ಬೇರೆ ಯಾವುದೂ ಅಂಟಿ ಕೂರುವುದಿಲ್ಲ, ಜಾರಿ ಪಕ್ಕಕ್ಕೆ ಸರಿಯುತ್ತದೆ. ನಿನ್ನ ಮೀನುಕಣ್ಣು ಅಂದರೆ ಅಷ್ಟೇ, ಬಣ್ಣ ಅದಕ್ಕೆ ಜಾಗ ಬಿಟ್ಟು ನಿಲ್ಲುತ್ತಿದೆ.

ಇದು ಇಲ್ಲದ ಕಡೆಯೇ ಇಲ್ಲ ಎನ್ನುತ್ತಾನೆ ಅವನು. ಪ್ಲಾಸ್ಟಿಕ್ ಬೋಗುಣಿ ಅಚ್ಚಿನಿಂದ ಬಿಟ್ಟು ಬರಲಿ ಎಂದು ಅಚ್ಚಿಗೆ ಇದನ್ನೇ ಸವರುತ್ತಾರೆ. ಕಾರ್ಖಾನೆಯ ಕಡಾಯಿಯಲ್ಲಿ ನೊರೆ ಉಕ್ಕಿದರೆ ಇದರ ಒಂದೆರಡು ಹನಿ ಹಾಕಿ ಅಡಗಿಸುತ್ತಾರೆ. ಹೊಟ್ಟೆ ಉಬ್ಬರಕ್ಕೆ ಜಗಿಯುವ ಮಾತ್ರೆಯಲ್ಲೂ ಇದೇ ಇದೆ, ಹೊಟ್ಟೆಯೊಳಗಿನ ನೊರೆ ಒಡೆಯುವುದಕ್ಕೆ. ನಾವು ಫಾಂಟೆಯವರು ಕೆಂಕಿ ಮುದ್ದೆ, ಮೀನು ಕಂಡರೆ ಬಿಡುವವರಲ್ಲವಲ್ಲ, ನನ್ನ ಹೊಟ್ಟೆಯಲ್ಲಿ ಸೇರುಗಟ್ಟಲೆ ಇರಬೇಕು. ಕಣ್ಣಿನ ಒಳಪದರ ಕಿತ್ತು ಬಂದವರಿಗೆ ಡಾಕ್ಟರು ಇದನ್ನು ಕಣ್ಣೊಳಗೇ ತುಂಬಿಸಿ ಆ ಪದರವನ್ನು ಒತ್ತಿ ಹಿಡಿಸುತ್ತಾರಂತೆ. ಒಳ್ಳೆಯದಕ್ಕೂ ಅದೇ, ಕೆಟ್ಟದ್ದಕ್ಕೂ ಅದೇ.

ಡಬ್ಬಿಗಳ ಮೇಲೆ ಸಿಲಿಕೋನ್ ಎಂದೇ ಬರೆದಿರುವುದಿಲ್ಲ. ಡೈಮೆಥಿಕೋನ್ ಎಂದು ಬರೆಯುತ್ತಾರೆ. ಬೇರೆ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು ಇಟ್ಟಿದ್ದೇನೆ, ನನ್ನ ಅಕ್ಷರದ ಮೇಲೆ ನಿನಗೆ ಎಂದೂ ತಕರಾರು ಇರಲಿಲ್ಲ. ನಿನ್ನ ಕೈಗೆ ಸಿಗುವ ಡಬ್ಬಿ, ಶೀಸೆ ಎಲ್ಲವನ್ನೂ ತಿರುಗಿಸಿ ಓದು. ಯಾವುದನ್ನೂ ಬಿಡಬೇಡ.

ಸಭೆಯಲ್ಲಿ ಯಾಕೆ ಒಪ್ಪಿಕೊಂಡೆ ಎಂದು ಕೇಳಿದ್ದೀಯ. ಅವತ್ತು ತಲೆನೋವಿತ್ತು, ಸಭೆ ಬೇಗ ಮುಗಿಯಲಿ ಎಂದು ಒಪ್ಪಿಕೊಂಡೆ.

ಎಬೊ


ಕುಮಾಸಿ
25 ಅಕ್ಟೋಬರ್ 1998

ಎಬೊ,

ತಲೆನೋವಿಗೆ ಊರು ಬಿಟ್ಟವನನ್ನು ಇವತ್ತೇ ನೋಡಿದ್ದು. ಇರಲಿ.

ಶೆಡ್ಡಿನ ಡಬ್ಬಿಗಳನ್ನೆಲ್ಲ ನಿನ್ನ ಚೀಟಿ ಹಿಡಿದು ಓದಿದೆ. ಥಿನ್ನರ್, ಪುಟ್ಟಿ, ಪ್ರೈಮರ್, ಕೈ ತೊಳೆಯುವ ಸೋಪು ಕೂಡ. ಯಾವುದರಲ್ಲೂ ಆ ಹೆಸರಿಲ್ಲ.

ಮಾಮೆ ದೊಕುವಾ ನೆನಪಿದೆಯಲ್ಲ, ಅಕ್ರಾ ಬಸ್ಸಿನ ಒಡತಿ, ನನ್ನಾಕೆ ಫೊಫಿಯೆಯ ಗೆಳತಿ. ತನ್ನ ಹೊಸ ಬಸ್ಸಿಗೆ ಬಿಳಿ ಹೊಡೆಯಬೇಕೆಂದು ತಂದು ನಿಲ್ಲಿಸಿದ್ದಾಳೆ. ಬಿಳಿ ಅಂದರೆ ಒಂದು ಸೂಜಿಮೊನೆಯಷ್ಟು ಗುಳಿ ಇದ್ದರೂ ಎದ್ದು ಕಾಣುತ್ತದೆ. ಬೇಡ ಎಂದೆ. "ಫೊಫಿಯೆ ಇದ್ದಿದ್ರೆ ನಿನ್ನನ್ನ ಬಿಟ್ಟು ಬೇರೆಯವ್ರ ಹತ್ರ ಹೋಗೋಕೆ ಬಿಡ್ತಿದ್ಲೇನಯ್ಯಾ? ಮಾಡು. ಕೆಟ್ರೆ ಕೆಟ್ಟಿತು" ಎಂದಳು. ಆಮೇಲೆ ಬೆಂಚಿನ ಮೇಲೆ ಕೂತು ಮೂಗರಳಿಸಿ, "ಏನಯ್ಯಾ, ಗಂಡಸ್ರ ಶೆಡ್ಡು ಇಷ್ಟೊಂದು ಘಮ್ ಅಂತಿದೆ. ಮದ್ವೆ ಗಿದ್ವೆ ಯೋಚ್ನೆ ಇದ್ಯಾ?" ಎಂದು ನಕ್ಕಳು. ನಾನು ಬಸ್ಸಿನ ಕಡೆ ತಿರುಗಿದೆ. ಅವಳ ನಗು ಅಲ್ಲಿಗೇ ನಿಂತಿತು. ಇನ್ನೊಮ್ಮೆ ಮೂಸಿ, ನನ್ನನ್ನೇ ನೋಡಿ, ಮುಸುಕು ಸರಿಮಾಡಿಕೊಂಡು ಎದ್ದು ಹೋದಳು.

ಈ ಬಸ್ಸು ಕೆಟ್ಟರೆ ಶೆಡ್ಡು ಹೋಯಿತು. ಕ್ರಿಸ್‌ಮಸ್ಸಿಗೆ ಮುಂಚೆ ಕೊಡಬೇಕು. ನಿನ್ನ ಕಡೆಯ ಅರ್ಧ ಶೆಡ್ಡಿನಲ್ಲಿ ಯಾರದ್ದೋ ಮೇಕೆ ಬಂದು ಮಲಗುತ್ತದೆ. ಓಡಿಸುವುದಿಲ್ಲ, ಒಂದು ಜೀವ ಇದ್ದ ಹಾಗಿರುತ್ತದೆ.

ಕ್ವಾಕು


ಕುಮಾಸಿ
15 ನವೆಂಬರ್ 1998

ಎಬೊ,

ಸಿಕ್ಕಿತು.

ಈ ವರ್ಷ ಹರ್ಮಟಾನ್ ಒಣಗಾಳಿ ಬೇಗ ಶುರುವಾಗಿದೆ. ತುಟಿ ಒಡೆಯುತ್ತದೆ, ತಲೆಯ ಚರ್ಮ ಉರಿಯುತ್ತದೆ. ಬೆಳಿಗ್ಗೆ ತಲೆಗೆ ಹಚ್ಚಿಕೊಳ್ಳಲು ಶೀಸೆ ಎತ್ತಿಕೊಂಡೆ. ನಿನ್ನ ಚೀಟಿ ಅಂಗಿಯ ಜೇಬಿನಲ್ಲೇ ಇತ್ತು. ಯಾಕೋ ಶೀಸೆ ತಿರುಗಿಸಿದೆ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಆ ಹೆಸರು, ಎಲ್ಲಕ್ಕಿಂತ ಮೊದಲು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನನಗೆ ಬೇಕಾಯಿತು.

ಅದು ಫೊಫಿಯೆಯ ಕೂದಲಿಗೆ ಹಚ್ಚುವ ಎಣ್ಣೆ.

ಯಾರಿಗೂ ಹೇಳದ್ದನ್ನು ಹೇಳುತ್ತೇನೆ. ಜನವರಿಯಲ್ಲಿ ಅವಳನ್ನು ಮಣ್ಣು ಮಾಡಿದ ಮೇಲೆ ಅವಳ ತಾಯಿಯ ಕಡೆಯವರು ಪದ್ಧತಿಯಂತೆ ಬಂದರು. ಬಟ್ಟೆ, ಪೆಟ್ಟಿಗೆ, ಪಾತ್ರೆ, ಅವಳು ಕೂರುತ್ತಿದ್ದ ಮಣೆ ಎಲ್ಲವೂ ಆ ಮನೆಗೆ ಸೇರಬೇಕಾದದ್ದು, ಸೇರಿತು. ನಾನು ದೂರುತ್ತಿಲ್ಲ. ನನ್ನ ಅಕ್ಕ ಸತ್ತಾಗ ನಾವೂ ಹೀಗೇ ಹೊತ್ತು ತಂದಿದ್ದೆವು. ಅವರು ಹೋದ ಮೇಲೆ ನೋಡಿದರೆ ಬಚ್ಚಲಿನ ಕಿಟಕಿಯಲ್ಲಿ ಈ ಶೀಸೆ ಉಳಿದಿತ್ತು, ಅರ್ಧ ತುಂಬಿದ್ದು. ಓಡಿಹೋಗಿ ಕೊಡಬಹುದಿತ್ತು. ಕೊಡಲಿಲ್ಲ.

ಸಾವಿನ ಮೈಲಿಗೆಗೆ ತಲೆ ಬೋಳಿಸಿದ್ದರಲ್ಲ, ಗಾಳಿಗೆ ಚರ್ಮ ಬಿರಿಯುತ್ತಿತ್ತು. ಶಿಯಾ ಬೆಣ್ಣೆ ಇತ್ತು, ಆದರೂ ಇದನ್ನೇ ಹಚ್ಚಿಕೊಂಡೆ. ಹಚ್ಚಿದ ಕೂಡಲೇ ಅವಳು ನನ್ನ ಹಿಂದಿನಿಂದ ಹಾದುಹೋದ ಹಾಗಾಯಿತು. ಆಮೇಲೆ ದಿನಾ ಬೆಳಿಗ್ಗೆ ಅದೇ ಆಯಿತು. ಕೆಲಸದ ನಡುವೆ ತಲೆ ಸವರಿಕೊಂಡು ಅಂಗೈ ಮೂಸುವುದು ಅಭ್ಯಾಸವಾಯಿತು. ಅದೇ ಅಂಗೈಯಿಂದ ಗಾಡಿ ಸವರಿ ಧೂಳು ನೋಡುತ್ತಿದ್ದೆ. ಅವಳು ಇದ್ದಾಗ ಎಂದೂ ಹೀಗಾಗಿರಲಿಲ್ಲ. ಅವಳು ಸಂಜೆ ಹಚ್ಚಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. "ಬಣ್ಣದ ಕೈ ತಂದು ನನ್ನ ತಲೆಗೆ ಹಾಕ್ಬೇಡ, ದೂರ ಇರು" ಎನ್ನುತ್ತಿದ್ದಳು.

ಶೀಸೆ ಖಾಲಿಯಾದಾಗ ಕೆಜೆಟಿಯಾ ಸಂತೆಗೆ ಹೋಗಿ ಅಂಥದ್ದೇ ಹುಡುಕಿ ತಂದೆ. ಅಂಗಡಿಯ ಹುಡುಗಿ, "ನಿಮ್ಮ ಯಜಮಾನ್ತಿಗಾ ಅಪ್ಪಾ?" ಎಂದಳು. ಹೌದು ಎಂದೆ. ಮುಗಿದ ಹಾಗೆಲ್ಲ ಹೋಗುತ್ತಿದ್ದೇನೆ, ಅವಳು ಕೇಳಿದಾಗಲೆಲ್ಲ ಹೌದು ಎನ್ನುತ್ತಿದ್ದೇನೆ.

ಈಗ ನಿನ್ನ ಹಿಂದಿನ ಕಾಗದ ತೆಗೆದು ಮತ್ತೆ ಓದಿದೆ. ಟ್ರಾನ್ಸ್‌ಫಾರ್ಮರ್ ಬರೆದಿದ್ದೀಯ, ಬೋಗುಣಿ ಬರೆದಿದ್ದೀಯ, ಹೊಟ್ಟೆ ಬರೆದಿದ್ದೀಯ, ಕಣ್ಣು ಬರೆದಿದ್ದೀಯ. ಕೂದಲು ಬರೆದಿಲ್ಲ. ಅಷ್ಟು ಮಾತಾಡುವ ಮಿಂಟಾ ಇದೊಂದನ್ನು ಬಿಟ್ಟಿರಲಾರ. ನಿನಗೆ ಗೊತ್ತಿತ್ತೇ ಎಬೊ?

ಕ್ವಾಕು


ಸೆಕೊಂಡಿ
22 ನವೆಂಬರ್ 1998

ಕ್ವಾಕು,

ಗೊತ್ತಿತ್ತು.

ಮೊದಲ ಮೀನುಕಣ್ಣು ಬಿದ್ದ ವಾರದಲ್ಲೇ ಗೊತ್ತಾಯಿತು. ನೀನು ತಲೆ ಸವರಿಕೊಂಡೆ, ಕೈ ಮೂಗಿನ ಹತ್ತಿರ ಹೋಯಿತು, ಆಮೇಲೆ ಆ ಕೆಂಪು ವ್ಯಾನಿನ ಬಾಗಿಲ ಮೇಲೆ ಬಂತು. ನೀನು ಅಂಗೈ ಇಟ್ಟ ಕಡೆಯಲ್ಲೇ ಗುಳಿಗಳು ಎದ್ದವು. ಆ ವಾಸನೆ ನನಗೆ ಗೊತ್ತಿಲ್ಲವೇ? ಇಪ್ಪತ್ತು ವರ್ಷ ಮಧ್ಯಾಹ್ನದ ಬುತ್ತಿ ತಂದು ನಮ್ಮಿಬ್ಬರ ನಡುವೆ ಇಡುತ್ತಿದ್ದವಳು ಅವಳು.

ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಸಭೆಯಲ್ಲಂತೂ ನಾಲಿಗೆಯ ತುದಿಗೇ ಬಂದಿತ್ತು. ನೀನು ಎಲ್ಲರ ಮುಂದೆ ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ನನಗೂ ಸಿಟ್ಟು ಬಂದಿತ್ತು. ಎದ್ದು ನಿಂತೆ. ಆಗ ನಿನ್ನ ಎಣ್ಣೆ ಹಚ್ಚಿದ ತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಅಷ್ಟು ಗಂಡಸರ ನಡುವೆ, "ಇವನು ಸತ್ತ ಹೆಂಡ್ತಿ ಎಣ್ಣೆ ಹಚ್ಕೊಂಡು ಓಡಾಡ್ತಾನೆ, ಅದಕ್ಕೇ ಬಣ್ಣ ಕೆಡ್ತಿದೆ" ಎಂದು ಹೇಗೆ ಹೇಳಲಿ? ಆ ಮ್ಯಾಗಜೀನಿನ ಬಾಯಿಗಳು ನಿನಗೆ ಗೊತ್ತು. ನೀನು ಸಾಯುವವರೆಗೂ ಆಡಿಕೊಳ್ಳುತ್ತಿದ್ದರು. ನನ್ನ ಪೆಟ್ಟಿಗೆ ಹೇಗೂ ಅಲ್ಲೇ ಇತ್ತು. ಒಪ್ಪಿಕೊಂಡೆ.

ನನ್ನ ಲೆಕ್ಕ ಬಹಳ ಸುಲಭದ್ದಿತ್ತು. ಉಳಿದಿರುವುದು ಹೆಚ್ಚೆಂದರೆ ಒಂದು ಶೀಸೆ, ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಎಣ್ಣೆ ಮುಗಿದ ಮೇಲೆ ಮೀನುಕಣ್ಣೂ ನಿಲ್ಲುತ್ತದೆ. ನಾನು ಹೋದದ್ದರಿಂದ ನಿಂತಿತು ಎಂದು ನೀನು ತಿಳಿದುಕೊಳ್ಳುತ್ತೀಯ. ನಿನ್ನ ಕಸುಬು ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ, ನಾನು ಒಂದಷ್ಟು ದಿನ ಕಳ್ಳನಾಗಿ ಸಮುದ್ರದ ಗಾಳಿ ಕುಡಿದುಕೊಂಡಿರುತ್ತೇನೆ. ನೀನು ಅಂಗಡಿಗೆ ಹೋಗಿ ಇನ್ನೊಂದು ಶೀಸೆ ತರುತ್ತೀಯ ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆಯಬೇಕಾಗಿತ್ತು. ನಿನ್ನ ಮೊದಲ ಕಾಗದ ಬಂದಾಗ ಇನ್ನೂ ಬೀಳುತ್ತಿದೆ ಎಂದು ಓದಿ, ಕಾಗದ ಮಡಚಿಟ್ಟು ದಂಡೆಗೆ ಹೋಗಿ ಅತ್ತೆ. ಇದನ್ನೂ ಹೇಳಿಬಿಡುತ್ತೇನೆ, ನಾಚಿಕೆಯಿಲ್ಲ.

ಹೆಸರು ಬರೆದು ಕಳಿಸಿದೆ, ನೀನೇ ಕಂಡುಕೊಂಡರೆ ನನ್ನ ಬಾಯಿಂದ ಬರುವುದು ತಪ್ಪುತ್ತದೆ ಎಂದು. ಹೇಡಿ ಎನ್ನು, ಒಪ್ಪುತ್ತೇನೆ.

ಮಿಂಟಾನನ್ನು ಕೇಳಿ ಬರೆಯುತ್ತಿದ್ದೇನೆ. ಅದು ಹೋಗಬೇಕಾದರೆ ನೀರು ಸಾಲದು. ದಿಂಬು, ಟೋಪಿ, ಕೆಲಸದ ಅಂಗಿ ಇವನ್ನು ಶೆಡ್ಡಿನ ಕಡೆ ತರಲೇಬೇಡ. ತಲೆಯನ್ನು ವಾರಗಟ್ಟಲೆ ಸೋಪಿನಿಂದ ತೊಳೆಯಬೇಕು. ಬಸ್ಸನ್ನು ಮೇಣ ತೆಗೆಯುವ ದ್ರವದಲ್ಲಿ ಒರೆಸು, ಆದರೆ ಒಂದೇ ದಿಕ್ಕಿಗೆ. ಒಂದು ಒರೆಸಿಗೆ ಒಂದು ಬಟ್ಟೆ, ಒರೆಸಿ ಎಸೆದುಬಿಡು. ಅದೇ ಬಟ್ಟೆ ಮತ್ತೆ ಮುಟ್ಟಿಸಿದರೆ ಹರಡುತ್ತದೆ. ಅಂಗೈಯಿಂದ ಸವರುವುದನ್ನು ಬಿಡು, ಕೈಗವಸು ಹಾಕಿಕೋ.

ಶೀಸೆಯನ್ನು ಏನು ಮಾಡಬೇಕು ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳಲಾಗದೆ ತಾನೇ ಊರು ಬಿಟ್ಟದ್ದು.

ನಿನ್ನ
ಎಬೊ


ಕುಮಾಸಿ
20 ಡಿಸೆಂಬರ್ 1998

ನನ್ನ ಎಬೊ,

ನಿನ್ನ ಕಾಗದ ಬಂದ ಮೇಲೆ ಒಂದು ವಾರ ಏನೂ ಮಾಡಲಿಲ್ಲ. ಶೀಸೆಯೂ ಕಿಟಕಿಯಲ್ಲಿ ಇತ್ತು, ಬಸ್ಸೂ ಶೆಡ್ಡಿನಲ್ಲಿ ನಿಂತಿತ್ತು. ಎರಡನ್ನೂ ಇಟ್ಟುಕೊಳ್ಳುವ ದಾರಿ ಇದೆಯೇ ಎಂದು ಯೋಚಿಸಿದೆ. ರಾತ್ರಿ ಮಾತ್ರ ಹಚ್ಚಿಕೊಂಡರೆ ಹೇಗೆ, ಭಾನುವಾರ ಮಾತ್ರ ಹಚ್ಚಿಕೊಂಡರೆ ಹೇಗೆ ಎಂದು. ನೀನೇ ಬರೆದಿದ್ದೀಯಲ್ಲ, ಅದು ತಾನಾಗಿಯೇ ಹರಡುತ್ತದೆ ಎಂದು.

ಕೊನೆಗೆ ಓಣಿಯಲ್ಲಿ ಜಡೆ ಹೆಣೆಯುವ ಹೆಂಗಸಿಗೆ ಕೊಟ್ಟೆ, ಮುಚ್ಚಳ ತೆರೆಯದ ಇನ್ನೊಂದು ಶೀಸೆಯೂ ಸೇರಿ. ಸುರಿಯಲು ಮನಸ್ಸು ಬರಲಿಲ್ಲ. ಅವಳಿಗೆ ಖುಷಿಯಾಯಿತು. ಈಗ ಅವಳು ಈ ಕಡೆ ಬಂದರೆ ನಾನು ಎದ್ದು ಒಳಗೆ ಹೋಗುತ್ತೇನೆ.

ದಿಂಬು ಸುಟ್ಟೆ. ತಲೆಯನ್ನು ಮತ್ತೆ ಬೋಳಿಸಿಕೊಂಡೆ. ಯಾರು ಸತ್ತರು ಎಂದು ಜನ ಕೇಳಿದರು.

ನಾನಾ ಆಫ್ರಿಯೆ ಮತ್ತು ಹಿರಿಯರನ್ನು ಕರೆದು, ಸ್ನ್ಯಾಪ್ಸ್ ಮದ್ಯದ ಬಾಟಲಿ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ನೀನು ಮುಚ್ಚಿಟ್ಟದ್ದನ್ನು ನಾನೇ ಬಿಚ್ಚಿಟ್ಟೆ, ನಿನ್ನ ಮೇಲಿನ ಕಳಂಕ ಹೋಗಬೇಕಾದರೆ ಬೇರೆ ದಾರಿಯಿರಲಿಲ್ಲ. ಯಾರೂ ನಗಲಿಲ್ಲ ಎಬೊ. ನಾನಾ ಬಾಟಲಿಯ ಮುಚ್ಚಳ ತಿರುಗಿಸುತ್ತಾ, "ನಮ್ಮಾಕೆ ಸತ್ತಾಗ ನಾನು ಅವಳ ಚಪ್ಪಲಿನ ಮಂಚದ ಕೆಳಗೆ ಬಚ್ಚಿಟ್ಕೊಂಡಿದ್ದೆ ಕಣಯ್ಯಾ" ಎಂದರು. ಸತ್ತವರ ಹೆಸರಲ್ಲಿ ನೆಲಕ್ಕೆ ಎರಡು ಹನಿ ಸುರಿದು ಉಳಿದದ್ದನ್ನು ಎಲ್ಲರೂ ಕುಡಿದರು. ಫಾಂಟೆಯವನ ಮೇಲೆ ಈಗ ಯಾವ ಮಾತೂ ಇಲ್ಲ. ಶೆಡ್ಡಿನ ಅರ್ಧ ನಿನ್ನದೇ ಎಂದು ಅವರೇ ಹೇಳಿದ್ದಾರೆ.

ಬಸ್ಸು ಒರೆಸುವುದಕ್ಕೆ ಒಂದು ಮೂಟೆ ಬಟ್ಟೆ ಹಿಡಿಯಿತು. ನಿನ್ನೆ ಬೆಳಿಗ್ಗೆ ಗಾಳಿ ನಿಂತಾಗ ಬಿಳಿ ಹೊಡೆದೆ. ಮಾಮೆ ದೊಕುವಾ, ನಾನಾ, ಪಕ್ಕದ ಶೆಡ್ಡಿನವರು ಎಲ್ಲರೂ ನೋಡಲು ನೆರೆದಿದ್ದರು. ಹಿಂದಿನಿಂದ ಮುಂದಿನವರೆಗೆ ಹಾಲು ಸುರಿದ ಹಾಗೆ ಕೂತಿತು. ಮಾಮೆ ಅತ್ತಳು. ವೆಲ್ಡಿಂಗ್‌ನವನೂ ಬಂದು ನನ್ನ ಕೈ ಕುಲುಕಿದ. ಬಸ್ಸಿನ ಮೇಲೆ ಏನು ಬರೆಯಬೇಕೆಂದು ಮಾಮೆಯನ್ನು ಕೇಳಿದೆ, "ಎಬೊ ಬರ್ಲಿ, ಅವನ ಕೈ ಏನು ಬರೆಯುತ್ತೋ ಅದು" ಎಂದಳು. ಹೊಸ ವರ್ಷದವರೆಗೆ ಕಾಯುತ್ತಾಳಂತೆ. ಕ್ರಿಸ್‌ಮಸ್ ಕಳೆದ ಸೋಮವಾರದ ಬಸ್ಸಿಗೆ ಹೊರಡು.

ಶೆಡ್ಡು ಉಳಿಯಿತು, ನೀನು ಬರುತ್ತೀಯ. ಇನ್ನೇನು ಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆದರೂ ನಿನ್ನ ಹತ್ತಿರ ಮುಚ್ಚಿಡುವುದು ಏನಿದೆ. ನಿನ್ನೆ ಎಲ್ಲರೂ ಹೋದ ಮೇಲೆ ನಾನು ಬಸ್ಸಿನ ಪಕ್ಕದಲ್ಲೇ ನಿಂತಿದ್ದೆ. ಎಲ್ಲಾದರೂ ಒಂದು ಮೂಲೆಯಲ್ಲಿ, ಯಾರಿಗೂ ಕಾಣದ ಕಡೆ, ಒಂದೇ ಒಂದು ಗುಳಿಯಾದರೂ ಏಳಲಿ ಎಂದು ಕಾದೆ. ಬಣ್ಣ ಒಣಗಿತು. ಒಂದೂ ಏಳಲಿಲ್ಲ.

ನಿನ್ನ
ಕ್ವಾಕು